ಸ್ವಂತ ಸರ್ವರಿನಲ್ಲಿ ವಿಡಿಯೊ ಇಟ್ಟರೂ ಪುಟ ಬೇಗ ತೆರೆಯಬೇಕಾದರೆ

ಪ್ರಶ್ನೆ: ನಾನು ಕೊಪ್ಪಳದವನು. ಕಿನ್ನಾಳದ ಗೊಂಬೆಗಳನ್ನು ಮಾರುವ ಜಾಲತಾಣ ನಡೆಸುತ್ತಿದ್ದೇನೆ. ಗೊಂಬೆ ತಯಾರಾಗುವ ಬಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಆ ವಿಡಿಯೊಗಳನ್ನು ನಮ್ಮದೇ ಶೇರ್ಡ್ ಹೋಸ್ಟಿಂಗಿಗೆ (ಹಲವು ತಾಣಗಳು ಹಂಚಿಕೊಳ್ಳುವ ಬಾಡಿಗೆ ಸರ್ವರಿಗೆ) ಏರಿಸಿದ್ದೇನೆ. ಮುಖಪುಟದಲ್ಲಿ 48 ಸೆಕೆಂಡಿನ ವಿಡಿಯೊ ತಾನಾಗಿಯೇ ಓಡುತ್ತದೆ. ಒಳಪುಟದಲ್ಲಿ ಇನ್ನೂ ಎಂಟು ಇವೆ. ಮೊಬೈಲಿನಲ್ಲಿ ಪುಟ ತೆರೆಯುವುದೇ ಇಲ್ಲ ಎಂದು ಗ್ರಾಹಕರು ಹೇಳುತ್ತಾರೆ. ವಿಡಿಯೊವನ್ನು ಮೊದಲೇ ಇಳಿಸಿಕೊಳ್ಳಬೇಕೇ ಎಂದು ಬ್ರೌಸರಿಗೆ ತಿಳಿಸುವ ಪ್ರೀಲೋಡ್ ಗುಣವನ್ನು 'ನನ್' (none, ಅಂದರೆ ಬೇಡ) ಎಂದು ಬದಲಾಯಿಸಿದರೂ ಮುಖಪುಟ ಸುಧಾರಿಸಲಿಲ್ಲ. ದೊಡ್ಡ ಸರ್ವರ್ ಕೊಳ್ಳಬೇಕೇ, ಅಥವಾ ಎಲ್ಲವನ್ನೂ ಯೂಟ್ಯೂಬಿಗೆ ಹಾಕಿಬಿಡಬೇಕೇ?

ಉತ್ತರ: ಸದ್ಯಕ್ಕೆ ಇವೆರಡರಲ್ಲಿ ಯಾವುದನ್ನೂ ಮಾಡಬೇಡಿ. ಪುಟ ತೆರೆಯುವುದು ಒಂದು ಕೆಲಸ, ವಿಡಿಯೊ ಓಡಲು ಶುರುವಾಗುವುದು ಇನ್ನೊಂದು ಕೆಲಸ. ನಿಮ್ಮ ತಾಣದಲ್ಲಿ ಇವೆರಡೂ ಒಂದೇ ಹೊತ್ತಿಗೆ ಒಂದೇ ಸಂಪರ್ಕದ ಮೇಲೆ ಬೀಳುತ್ತಿವೆ. ಅವನ್ನು ಬೇರ್ಪಡಿಸಿ, ನೋಡುಗನು ಕೇಳುವ ತನಕ ವಿಡಿಯೊದ ಒಂದು ಬೈಟ್ ಕೂಡ ಅವನ ಮೊಬೈಲಿಗೆ ಹೋಗದಂತೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ತೊಂದರೆ ಈಗಿರುವ ಹೋಸ್ಟಿಂಗಿನಲ್ಲೇ ಬಗೆಹರಿಯುತ್ತದೆ. ಉಳಿದುದನ್ನು ಕಡತಗಳನ್ನು ಸರಿಯಾಗಿ ಸಿದ್ಧಪಡಿಸುವುದರಿಂದ ಪಡೆಯಬಹುದು. ಸರ್ವರ್ ಬದಲಾಯಿಸುವ ಮಾತು ಅದಾದ ಮೇಲೆ ಬರಬೇಕು.

ಮೊದಲು ಲೆಕ್ಕ ನೋಡೋಣ. ಮೊಬೈಲ್ ಕ್ಯಾಮೆರಾಗಳು 1080ಪಿ ಅಳತೆಯಲ್ಲಿ ಚಿತ್ರೀಕರಿಸುವಾಗ ಸೆಕೆಂಡಿಗೆ ಸುಮಾರು 17 ಮೆಗಾಬಿಟ್ ದತ್ತಾಂಶ ಬರೆಯುವುದು ಸಾಮಾನ್ಯ. ಆ ಲೆಕ್ಕದಲ್ಲಿ 48 ಸೆಕೆಂಡಿನ ವಿಡಿಯೊ 102 ಎಂಬಿ ಆಗುತ್ತದೆ. ಗ್ರಾಹಕನ ಮೊಬೈಲಿಗೆ ಸೆಕೆಂಡಿಗೆ 8 ಮೆಗಾಬಿಟ್ ವೇಗ ಸಿಗುತ್ತಿದೆ ಎಂದಿಟ್ಟುಕೊಂಡರೂ ಅದು ಪೂರ್ತಿ ಇಳಿಯಲು 102 ಸೆಕೆಂಡು ಬೇಕು, ಅಂದರೆ ವಿಡಿಯೊದ ಉದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಓಡುವ ವೇಗಕ್ಕಿಂತ ಇಳಿಯುವ ವೇಗ ಕಡಿಮೆಯಾದ ವಿಡಿಯೊ ತಡೆತಡೆದು ಓಡುವುದು ಅನಿವಾರ್ಯ, ಮತ್ತು ಅದು ಅಷ್ಟು ಹೊತ್ತೂ ಸಂಪರ್ಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಮೆರಾದಿಂದ ಬಂದ ಕಡತ ಸಂಕಲನಕ್ಕೆ ಒದಗುವ ಮೂಲಸಾಮಗ್ರಿ. ಅದನ್ನು ಹಾಗೆಯೇ ಜಾಲಕ್ಕೆ ಏರಿಸಬಾರದು.

ಪ್ರೀಲೋಡ್ ಬದಲಿಸಿದರೂ ಮುಖಪುಟ ಏಕೆ ಸುಧಾರಿಸಲಿಲ್ಲ ಎಂಬುದಕ್ಕೆ ಕಾರಣ ಸ್ಪಷ್ಟವಾಗಿದೆ: ಆಟೋಪ್ಲೇ ಇದ್ದಲ್ಲಿ ಪ್ರೀಲೋಡಿಗೆ ಬೆಲೆಯಿಲ್ಲ. ತಾನಾಗಿ ಓಡಿಸು ಎಂದ ಮೇಲೆ ಬ್ರೌಸರ್ ಕಡತವನ್ನು ತರಿಸಲೇಬೇಕು, ಆದ್ದರಿಂದ 'ನನ್' ಎಂಬ ಸೂಚನೆಯನ್ನು ಅದು ಬದಿಗಿಡುತ್ತದೆ. ಪುಟದ ಶೈಲಿಯ ಕಡತ, ಅಕ್ಷರಗಳ ಫಾಂಟು, ಗೊಂಬೆಗಳ ಚಿತ್ರಗಳು ಎಲ್ಲವೂ ಬರಬೇಕಾದ ಅದೇ ಸಂಪರ್ಕದಲ್ಲಿ 102 ಎಂಬಿಯ ಕಡತವೂ ಹರಿಯತೊಡಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ನೀರೆಲ್ಲ ಎಳೆದುಕೊಂಡರೆ ಕೊನೆಭಾಗದ ಹೊಲಕ್ಕೆ ಏನು ಉಳಿಯುತ್ತದೆಂಬುದು ನಿಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾದದ್ದಲ್ಲ. ನಿಮ್ಮ ಪುಟದ ಅಕ್ಷರ ಮತ್ತು ಚಿತ್ರಗಳು ಈಗ ಕೊನೆಭಾಗದಲ್ಲಿವೆ.

ಆದ್ದರಿಂದ ಮುಖಪುಟದಿಂದ ಶುರು ಮಾಡಿ. ಅಲ್ಲಿ 48 ಸೆಕೆಂಡಿನ ಪೂರ್ತಿ ವಿಡಿಯೊ ತಾನಾಗಿ ಓಡುವ ಅಗತ್ಯವಿದೆಯೇ ಎಂದು ಯೋಚಿಸಬೇಕು. ನನ್ನ ಅಭಿಪ್ರಾಯದಲ್ಲಿ ಇಲ್ಲ. ಚಲನೆ ಬೇಕೇ ಬೇಕೆಂದಿದ್ದರೆ ಕುಂಚ ಆಡುವ ಎಂಟು ಸೆಕೆಂಡಿನ ತುಣುಕೊಂದನ್ನು ಆರಿಸಿ, ಧ್ವನಿಯ ಪದರವನ್ನೇ ತೆಗೆದುಹಾಕಿ, ಸೆಕೆಂಡಿಗೆ 0.8 ಮೆಗಾಬಿಟ್ ಮಟ್ಟಕ್ಕೆ ಕುಗ್ಗಿಸಿದರೆ ಅದು 0.8 ಎಂಬಿಯಷ್ಟೇ ಆಗುತ್ತದೆ. ಅದನ್ನೂ ಪುಟದ ಜೊತೆಗೆ ಇಳಿಸದೆ, ಪುಟ ಪೂರ್ತಿ ತೆರೆದುಕೊಂಡ ಮೇಲೆ ನಾಲ್ಕು ಸಾಲಿನ ಜಾವಾಸ್ಕ್ರಿಪ್ಟಿನಿಂದ ಕಡತದ ವಿಳಾಸ ಕೊಟ್ಟು ಓಡಿಸಬಹುದು. ಐಫೋನಿನಲ್ಲಿಯೂ ಅದು ಪುಟದೊಳಗೇ ತಾನಾಗಿ ಓಡಬೇಕಾದರೆ ಮ್ಯೂಟೆಡ್ (ಧ್ವನಿಯಿಲ್ಲದೆ) ಮತ್ತು ಪ್ಲೇಸ್‌ಇನ್‌ಲೈನ್ (ಪುಟದೊಳಗೇ) ಎಂಬ ಎರಡು ಗುಣಗಳೂ ಇರಲೇಬೇಕು. ಪೂರ್ತಿ ವಿಡಿಯೊ ನೋಡಬಯಸುವವರಿಗೆ ಒಂದು ಗುಂಡಿ ಸಾಕು.

ವಿಡಿಯೊ ಬರುವ ಮೊದಲು ಆ ಜಾಗದಲ್ಲಿ ಕಾಣುವ ಚಿತ್ರಕ್ಕೆ ಪೋಸ್ಟರ್ ಎನ್ನುತ್ತಾರೆ. ಜನರು ಪುಟ ಬೇಗ ತೆರೆಯಿತು ಎಂದು ಅಂದುಕೊಳ್ಳುವುದು ಬಹುಮಟ್ಟಿಗೆ ಈ ಚಿತ್ರ ಕಂಡ ಕ್ಷಣದಿಂದ. ಗೂಗಲ್ 2020ರಲ್ಲಿ ಪ್ರಕಟಿಸಿದ ಕೋರ್ ವೆಬ್ ವೈಟಲ್ಸ್ ಮಾನದಂಡಗಳಲ್ಲಿ ಲಾರ್ಜೆಸ್ಟ್ ಕಂಟೆಂಟ್‌ಫುಲ್ ಪೇಂಟ್ ಎಂಬುದೊಂದಿದೆ. ತೆರೆಯ ಮೇಲಿನ ಅತಿ ದೊಡ್ಡ ಚಿತ್ರ ಅಥವಾ ಪಠ್ಯ ಕಾಣಿಸಿಕೊಳ್ಳಲು ಹಿಡಿದ ಸಮಯವನ್ನು ಅದು ಅಳೆಯುತ್ತದೆ. ನಾಲ್ಕು ಭೇಟಿಗಳಲ್ಲಿ ಮೂರರಲ್ಲಾದರೂ ಆ ಸಮಯ 2.5 ಸೆಕೆಂಡಿನೊಳಗಿರಬೇಕು. ನಿಮ್ಮ ಮುಖಪುಟದಲ್ಲಿ ಆ ದೊಡ್ಡ ಚಿತ್ರ ಪೋಸ್ಟರೇ ಆಗುವುದರಿಂದ ಅದನ್ನು ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ 100 ಕೆಬಿಯೊಳಗೆ ಇಟ್ಟು, ಪುಟದ ತಲೆಭಾಗದಲ್ಲೇ ಅದಕ್ಕೆ ಆದ್ಯತೆ ಕೊಡುವ ಪ್ರೀಲೋಡ್ ಸೂಚನೆ (ಇದು ವಿಡಿಯೊದ ಪ್ರೀಲೋಡ್ ಗುಣವಲ್ಲ, ಬೇರೆಯದು) ಹಾಕಬೇಕು. ವಿಡಿಯೊದ ಅಗಲ ಮತ್ತು ಎತ್ತರಗಳನ್ನು ಮೊದಲೇ ಬರೆದಿಡಿ. ಇಲ್ಲವಾದರೆ ವಿಡಿಯೊ ಬಂದೊಡನೆ ಕೆಳಗಿನ ಬರಹವೆಲ್ಲ ಸರಿದು, ಓದುತ್ತಿದ್ದವನಿಗೆ ಸಾಲು ತಪ್ಪುತ್ತದೆ.

ಒಳಪುಟದ ಎಂಟು ವಿಡಿಯೊಗಳಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿ ಇದೆ. ಅಲ್ಲಿ ಆಟೋಪ್ಲೇ ಇಲ್ಲದಿರುವುದರಿಂದ ಪ್ರೀಲೋಡ್ 'ನನ್' ಎಂದಿಟ್ಟರೆ ವಿಡಿಯೊ ಕಡತಗಳು ಬರುವುದಿಲ್ಲ, ಅದು ಸರಿ. ಆದರೆ ಪೋಸ್ಟರ್ ಚಿತ್ರಗಳು ಹಾಗಲ್ಲ. ಎಂಟನೆಯ ವಿಡಿಯೊ ಪುಟದ ತಳದಲ್ಲಿದ್ದು ಯಾರೂ ಅಲ್ಲಿಯವರೆಗೆ ಹೋಗದಿದ್ದರೂ ಅದರ ಪೋಸ್ಟರ್ ಆರಂಭದಲ್ಲೇ ಇಳಿಯುತ್ತದೆ. ಇದನ್ನು ತಪ್ಪಿಸಲು ವಿಡಿಯೊ ಟ್ಯಾಗನ್ನು ಪುಟದಲ್ಲಿ ಇಡಲೇಬೇಡಿ. ಅದರ ಬದಲು ಸಾಮಾನ್ಯ ಚಿತ್ರವೊಂದನ್ನು ಲೇಜಿ ಲೋಡಿಂಗ್ ಗುಣದೊಡನೆ (ನೋಡುಗ ಹತ್ತಿರ ಬಂದಾಗಷ್ಟೇ ಇಳಿಯುವಂತೆ) ಇಟ್ಟು, ಮೇಲೆ ತ್ರಿಕೋನದ ಗುಂಡಿ ತೋರಿಸಿ, ಒತ್ತಿದಾಗ ಮಾತ್ರ ಆ ಚಿತ್ರದ ಜಾಗದಲ್ಲಿ ವಿಡಿಯೊ ಟ್ಯಾಗನ್ನು ಸೃಷ್ಟಿಸಿ. ಪುಟದ ಮೇಲ್ಭಾಗದಲ್ಲೇ ಕಾಣುವ ಮೊದಲ ಚಿತ್ರಕ್ಕೆ ಮಾತ್ರ ಲೇಜಿ ಲೋಡಿಂಗ್ ಹಾಕಬಾರದು, ಏಕೆಂದರೆ ಆಗ ಬೇಗ ಬರಬೇಕಾದದ್ದೇ ತಡವಾಗುತ್ತದೆ.

ಇದು ಎಷ್ಟು ಮುಖ್ಯ ಎಂಬುದು ಜನವರಿಯಲ್ಲಿ ನಡೆಯುವ ಗವಿಸಿದ್ಧೇಶ್ವರ ಜಾತ್ರೆಯಂಥ ಸಂದರ್ಭದಲ್ಲಿ ತಿಳಿಯುತ್ತದೆ. ಲಕ್ಷಾಂತರ ಜನ ಒಂದೇ ಕಡೆ ಸೇರಿದಾಗ ಟವರಿನ ಸಾಮರ್ಥ್ಯ ಅಷ್ಟೂ ಜನರಿಗೆ ಹಂಚಿಹೋಗಿ, ಮೊಬೈಲಿನಲ್ಲಿ ನಾಲ್ಕು ಗೆರೆ ಕಾಣುತ್ತಿದ್ದರೂ ದತ್ತಾಂಶ ತೆವಳುತ್ತದೆ. ಮಳಿಗೆಯ ಮುಂದೆ ಕ್ಯೂಆರ್ ಕೋಡ್ ಇಟ್ಟಿದ್ದರೆ ಅದನ್ನು ಸ್ಕ್ಯಾನ್ ಮಾಡಿದವನಿಗೆ ಗೊಂಬೆಯ ಹೆಸರು, ಬೆಲೆ, ಒಂದು ಚಿತ್ರ, ಫೋನ್ ಸಂಖ್ಯೆ ಇಷ್ಟು ಕಾಣಬೇಕು. ಇವೆಲ್ಲ ಸೇರಿ ಕೆಲವು ನೂರು ಕೆಬಿ ಮೀರದಂತಿದ್ದರೆ ಆ ದಟ್ಟಣೆಯಲ್ಲೂ ಪುಟ ತೆರೆಯುವ ಸಾಧ್ಯತೆ ಇದೆ. ವಿಡಿಯೊವನ್ನು ಅವನು ಮನೆಗೆ ಹೋಗಿ ನೋಡಲಿ.

ಇನ್ನು ಕಡತಗಳನ್ನು ಸಿದ್ಧಪಡಿಸುವ ವಿಷಯ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ನಿಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ಅದರಲ್ಲಿ 'ಫಾಸ್ಟ್ 720ಪಿ30' ಎಂಬ ಸಿದ್ಧ ಆಯ್ಕೆ ಇದೆ. ಅದನ್ನು ತೆಗೆದುಕೊಂಡು, ಎಂಪಿ4 ರೂಪ ಮತ್ತು ಎಚ್.264 ಕೋಡೆಕ್ (ವಿಡಿಯೊವನ್ನು ಕುಗ್ಗಿಸಿ ಬಿಚ್ಚುವ ಪದ್ಧತಿ) ಉಳಿಸಿಕೊಂಡು, ಗುಣಮಟ್ಟದ ಅಂಕವನ್ನು 23ರ ಆಸುಪಾಸಿಗೆ ಇಡಿ. ಈ ಅಂಕ ಹೆಚ್ಚಿದಂತೆ ಗುಣಮಟ್ಟ ಕುಗ್ಗುತ್ತದೆ; ಆರು ಅಂಕ ಏರಿಸಿದರೆ ಕಡತದ ಗಾತ್ರ ಸ್ಥೂಲವಾಗಿ ಅರ್ಧಕ್ಕೆ ಇಳಿಯುತ್ತದೆ. ಕುಳಿತು ಬಣ್ಣ ಹಚ್ಚುವಂಥ ನಿಧಾನ ಚಲನೆಯ ದೃಶ್ಯಗಳಿಗೆ ಸೆಕೆಂಡಿಗೆ 1.5 ಮೆಗಾಬಿಟ್ ಸಾಕಾಗುವುದುಂಟು. ಆಗ ನಿಮ್ಮ 48 ಸೆಕೆಂಡಿನ ವಿಡಿಯೊ 102 ಎಂಬಿಯಿಂದ ಸುಮಾರು 9 ಎಂಬಿಗೆ ಇಳಿಯುತ್ತದೆ. ಮೊಬೈಲಿನ ಅಂಗೈಯಗಲದ ತೆರೆಯಲ್ಲಿ 720ಪಿ ಮತ್ತು 1080ಪಿಗಳ ನಡುವೆ ವ್ಯತ್ಯಾಸ ಗುರುತಿಸುವುದು ಕಷ್ಟ. ಮಾತು ಮಾತ್ರ ಇರುವ ಧ್ವನಿಗೆ ಎಎಸಿ ಎಂಬ ಧ್ವನಿ ಕೋಡೆಕ್‌ನಲ್ಲಿ, ಮೊನೊ ಆಗಿ, ಸೆಕೆಂಡಿಗೆ 64 ಕಿಲೋಬಿಟ್ ಸಾಕು.

ಆದರೆ ಗೊಂಬೆಯ ವಿಡಿಯೊವನ್ನು ಅಂಕ ನೋಡಿ ಕುಗ್ಗಿಸಿ ಸುಮ್ಮನಾಗಬಾರದು, ಕಣ್ಣಿಟ್ಟು ಪರೀಕ್ಷಿಸಬೇಕು. ಕಿನ್ನಾಳದ ಗರುಡನ ಅಥವಾ ಗೌರಿಯ ಮುಖದಲ್ಲಿ ಕಣ್ಣಿನ ಸುತ್ತ ಎಳೆದ ಕೂದಲೆಳೆಯಂಥ ಕಪ್ಪು ಗೆರೆ ಇರುತ್ತದಲ್ಲ, ಕುಗ್ಗಿಸಿದ ವಿಡಿಯೊವನ್ನು ಅಲ್ಲಿ ನಿಲ್ಲಿಸಿ ನೋಡಿ. ಗೆರೆಯ ಅಂಚಿನಲ್ಲಿ ಮಸುಕು ಚುಕ್ಕೆಗಳು ಎದ್ದಿದ್ದರೆ ಅಥವಾ ದಟ್ಟ ಕೆಂಪು ಬಣ್ಣದ ಮೇಲೆ ಚೌಕಚೌಕವಾದ ತೇಪೆಗಳು ಕಂಡರೆ ಅಂಕವನ್ನು ಎರಡು ಇಳಿಸಿ ಮತ್ತೆ ತಯಾರಿಸಿ. ಗಾಢ ಕೆಂಪು ಇಂಥ ಕಡೆ ಬೇಗ ಕೆಡುತ್ತದೆ, ಏಕೆಂದರೆ ಈ ಪದ್ಧತಿಯಲ್ಲಿ ಬೆಳಕಿನ ವಿವರಕ್ಕಿಂತ ಬಣ್ಣದ ವಿವರವನ್ನು ಕಾಲು ಭಾಗದಷ್ಟು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಇನ್ನೊಂದು ಎಚ್ಚರಿಕೆ: ಈಚಿನ ಕೆಲವು ಮೊಬೈಲುಗಳು ಎಚ್‌ಡಿಆರ್ ಎಂಬ, ಬೆಳಕು ಮತ್ತು ಬಣ್ಣದ ಹೆಚ್ಚಿನ ಹರವನ್ನು ಹಿಡಿಯುವ ವಿಧಾನದಲ್ಲಿ ಚಿತ್ರೀಕರಿಸುತ್ತವೆ. ಅಂಥ ಕಡತವನ್ನು ಸರಿಯಾಗಿ ಪರಿವರ್ತಿಸದೆ ಸಾಮಾನ್ಯ ಎಚ್.264ಕ್ಕೆ ಇಳಿಸಿದರೆ ಬಣ್ಣಗಳೆಲ್ಲ ಬಿಸಿಲಿಗೆ ಒಣಗಿದಂತೆ ಬೆಳ್ಳಗಾಗುತ್ತವೆ. ಕ್ಯಾಮೆರಾದ ಆಯ್ಕೆಗಳಲ್ಲಿ ಎಚ್‌ಡಿಆರ್ ಅನ್ನು ಮೊದಲೇ ಆಫ್ ಮಾಡಿಡುವುದು ಎಲ್ಲಕ್ಕಿಂತ ಸುಲಭ. ಬಣ್ಣವನ್ನೇ ನೆಚ್ಚಿ ಬದುಕುವ ಕುಶಲಕರ್ಮಿಯ ಕೆಲಸವನ್ನು ಬಣ್ಣ ಕೆಟ್ಟ ವಿಡಿಯೊದಲ್ಲಿ ತೋರಿಸುವುದು ವೇಗಕ್ಕಾಗಿಯೂ ಒಪ್ಪಬಹುದಾದ ಮಾತಲ್ಲ.

ಹ್ಯಾಂಡ್‌ಬ್ರೇಕಿನಲ್ಲಿ 'ವೆಬ್ ಆಪ್ಟಿಮೈಸ್ಡ್' ಎಂಬ ಚಿಕ್ಕ ಚೌಕವೊಂದಿದೆ. ಅದನ್ನು ಮರೆಯದೆ ಗುರುತು ಮಾಡಿ. ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ವಿಡಿಯೊ ತಂತ್ರಾಂಶ ಬಳಸುವವರು ಇದನ್ನೇ ಫಾಸ್ಟ್‌ಸ್ಟಾರ್ಟ್ ಎನ್ನುತ್ತಾರೆ. ಎಂಪಿ4 ಕಡತದೊಳಗೆ ಯಾವ ಚೌಕಟ್ಟು (ಫ್ರೇಮ್) ಎಲ್ಲಿದೆ, ಯಾವ ಕೋಡೆಕ್, ಎಷ್ಟು ಉದ್ದ ಎಂಬ ಸೂಚಿಯನ್ನು 'ಮೂವ್' ಎಂಬ ಭಾಗದಲ್ಲಿ ಬರೆದಿರುತ್ತಾರೆ. ಚಿತ್ರೀಕರಣ ಮುಗಿಯುವ ತನಕ ಈ ವಿವರ ಪೂರ್ತಿ ಗೊತ್ತಿರುವುದಿಲ್ಲವಾದ್ದರಿಂದ ಕ್ಯಾಮೆರಾಗಳು ಅದನ್ನು ಸಾಮಾನ್ಯವಾಗಿ ಕಡತದ ಕೊನೆಯಲ್ಲಿ ಬರೆಯುತ್ತವೆ. ಬ್ರೌಸರಿಗೆ ಸೂಚಿ ಸಿಗದೆ ಒಂದು ಚೌಕಟ್ಟನ್ನೂ ತೋರಿಸಲಾಗದು. ಆದ್ದರಿಂದ ಅದು ಕಡತದ ಆರಂಭವನ್ನು ನೋಡಿ, ಅಲ್ಲಿ ಸೂಚಿ ಇಲ್ಲವೆಂದು ತಿಳಿದು, ಕೊನೆಯ ಭಾಗವನ್ನು ಬೇರೆ ಕೋರಿಕೆಯಿಂದ ತರಿಸಿಕೊಂಡು, ಮತ್ತೆ ಆರಂಭಕ್ಕೆ ಬರುತ್ತದೆ. ಆ ಚೌಕವನ್ನು ಗುರುತು ಮಾಡಿದರೆ ಸೂಚಿ ಮುಂದಕ್ಕೆ ಬರುತ್ತದೆ, ಗುಣಮಟ್ಟಕ್ಕೆ ಕಿಂಚಿತ್ತೂ ಧಕ್ಕೆಯಿಲ್ಲ.

ಇದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ಸಂಗತಿಯನ್ನು ದಯವಿಟ್ಟು ಪರೀಕ್ಷಿಸಿ. ಕಡತದ ಬೇಕಾದ ತುಂಡನ್ನಷ್ಟೇ ಕೇಳುವುದಕ್ಕೆ ರೇಂಜ್ ಕೋರಿಕೆ ಎನ್ನುತ್ತಾರೆ. ಅದನ್ನು ಮನ್ನಿಸುವ ಸರ್ವರ್ 206 ಎಂಬ ಸಂಕೇತದೊಡನೆ ಉತ್ತರಿಸುತ್ತದೆ. ಕಂಪ್ಯೂಟರಿನ ಕ್ರೋಮ್ ಬ್ರೌಸರಿನಲ್ಲಿ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ವಿಭಾಗದಲ್ಲಿ ಮೀಡಿಯಾ ಎಂಬ ಸೋಸುಕ (ಫಿಲ್ಟರ್) ಒತ್ತಿ ವಿಡಿಯೊ ಓಡಿಸಿದರೆ ಪ್ರತಿ ಕೋರಿಕೆಯ ಮುಂದೆ ಈ ಸಂಕೇತ ಕಾಣುತ್ತದೆ. ಅಲ್ಲಿ 206ರ ಬದಲು 200 ಎಂದಿದ್ದರೆ ಸರ್ವರ್ ತುಂಡು ಕೊಡಲೊಲ್ಲದೆ ಇಡೀ ಕಡತವನ್ನೇ ಕಳಿಸುತ್ತಿದೆ ಎಂದರ್ಥ. ಆಗ ಸೂಚಿ ಕೊನೆಯಲ್ಲಿರುವ ಕಡತವನ್ನು ಪೂರ್ತಿ ಇಳಿಸಿಕೊಳ್ಳುವ ತನಕ ತೆರೆ ಕಪ್ಪಾಗಿಯೇ ಇರುತ್ತದೆ, ನಡುವಿನ ಒಂದು ಜಾಗಕ್ಕೆ ಹಾರಲೂ ಆಗುವುದಿಲ್ಲ; ಐಫೋನಿನ ಸಫಾರಿಯಂತೂ ರೇಂಜ್ ಇಲ್ಲದ ಸರ್ವರಿನಿಂದ ವಿಡಿಯೊ ಓಡಿಸದೆಯೇ ಕೈಚೆಲ್ಲುತ್ತದೆ. ಅಪಾಚೆ, ಎಂಜಿನ್‌ಎಕ್ಸ್ ಎರಡೂ ಸಾಮಾನ್ಯ ಕಡತಗಳಿಗೆ ರೇಂಜ್ ಸೌಲಭ್ಯವನ್ನು ತಾವಾಗಿಯೇ ಕೊಡುತ್ತವೆ. ಅದು ತಪ್ಪುವುದು ಹೆಚ್ಚಾಗಿ ವಿಡಿಯೊವನ್ನು ನೇರವಾಗಿ ಕೊಡದೆ ಯಾವುದೋ ಪಿಎಚ್‌ಪಿ ಪ್ಲಗಿನ್ ಮೂಲಕ ಹಾಯಿಸಿದಾಗ. ಹಾಗಿದ್ದರೆ ಆ ಪ್ಲಗಿನ್ ತೆಗೆದು, ಕಡತದ ನೇರ ವಿಳಾಸವನ್ನೇ ಕೊಡಿ.

ಎವಿ1, ವಿಪಿ9 ಮೊದಲಾದ ಹೊಸ ಕೋಡೆಕ್‌ಗಳ ಬಗ್ಗೆ ಓದಿದವರು ಎಚ್.264 ಹಳೆಯದಲ್ಲವೇ ಎಂದು ಕೇಳಬಹುದು. 2003ರಲ್ಲಿ ಬಂದದ್ದು ನಿಜ, ಆದರೆ ಅದು ಓಡದ ಮೊಬೈಲ್ ಇಂದು ಸಿಗುವುದು ಕಷ್ಟ. 2018ರಲ್ಲಿ ಬಂದ ಎವಿ1 ಗಾತ್ರವನ್ನು ಚೆನ್ನಾಗಿ ಉಳಿಸುತ್ತದೆ. ಅದನ್ನು ಬಿಚ್ಚುವ ಚಿಪ್ ಇಲ್ಲದ ಕಡಿಮೆ ಬೆಲೆಯ ಮೊಬೈಲಿನಲ್ಲಿ ಆ ಹೊರೆಯೆಲ್ಲ ಪ್ರೊಸೆಸರಿನ ಮೇಲೆ ಬಿದ್ದು ಬ್ಯಾಟರಿ ಕರಗುತ್ತದೆ. ನಿಮ್ಮ ಎಂಟೊಂಬತ್ತು ವಿಡಿಯೊಗಳಿಗೆ ಸದ್ಯ ಎಚ್.264 ಒಂದೇ ಸಾಕು.

ಈಗ ಸರ್ವರಿನ ಮಾತಿಗೆ ಬರೋಣ. ಸರ್ವರಿನ ಹೊರಹರಿವು ಸೆಕೆಂಡಿಗೆ 100 ಮೆಗಾಬಿಟ್ ಎಂದಿಟ್ಟುಕೊಂಡರೆ, ಈಗಿನ 17 ಮೆಗಾಬಿಟ್‌ನ ವಿಡಿಯೊವನ್ನು ಆರು ಜನ ಒಟ್ಟಿಗೆ ನೋಡಿದರೆ ಅದು ತುಂಬಿಹೋಗುತ್ತದೆ. 1.5 ಮೆಗಾಬಿಟ್‌ಗೆ ಇಳಿಸಿದರೆ ಅದೇ ಸರ್ವರ್, ಲೆಕ್ಕದ ಪ್ರಕಾರ, 66 ಜನರನ್ನು ತಾಳುತ್ತದೆ. ತಿಂಗಳಿಗೆ ಒಂದು ಟೆರಾಬೈಟ್ ಮಿತಿ ಇದ್ದರೆ 102 ಎಂಬಿಯ ಕಡತವನ್ನು ಹತ್ತು ಸಾವಿರ ಸಲವೂ ಕೊಡಲಾಗದು. 9 ಎಂಬಿಯದನ್ನು ಒಂದು ಲಕ್ಷ ಮೀರಿ ಕೊಡಬಹುದು. ಆದ್ದರಿಂದಲೇ ದೊಡ್ಡ ಸರ್ವರ್ ಬೇಡವೆಂದೆ.

ಆದರೆ ನಿಮ್ಮ ಹೋಸ್ಟಿಂಗ್ ಯಾವ ದೇಶದಲ್ಲಿದೆ ಎಂಬುದನ್ನು ವಿಚಾರಿಸಿ ನೋಡಿ. ಅಗ್ಗದ ಯೋಜನೆಗಳ ಸರ್ವರುಗಳು ಅಮೆರಿಕದಲ್ಲಿರುವುದು ಅಪರೂಪವಲ್ಲ. ಕೊಪ್ಪಳದಿಂದ ಅಲ್ಲಿಗೆ ಒಂದು ಸಂದೇಶ ಹೋಗಿ ಬರಲು 200 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಸಂಪರ್ಕ ಕುದುರಿಸಲು, ಸುರಕ್ಷತೆಯ ಕೀಲಿ ವಿನಿಮಯಕ್ಕೆ, ಪುಟ ಕೇಳಲು ಹೀಗೆ ಕನಿಷ್ಠ ಮೂರು ಸಲ ಹೋಗಿ ಬಂದರೆ ಮೊದಲ ಬೈಟ್ ಕಾಣುವ ಮುಂಚೆಯೇ ಅರ್ಧ ಸೆಕೆಂಡಿಗೂ ಹೆಚ್ಚು ಕಳೆದಿರುತ್ತದೆ. ಮುಂಬೈ ಅಥವಾ ಹೈದರಾಬಾದಿನ ಸರ್ವರಿಗೆ ಇದು ಹಲವು ಪಟ್ಟು ಕಡಿಮೆ. ಹೊರದೇಶದ ಗ್ರಾಹಕರೂ ಇದ್ದರೆ ಸಿಡಿಎನ್ ಸೇವೆ ಉಪಯುಕ್ತ. ಅದು ಕಡತದ ಪ್ರತಿಯನ್ನು ನೋಡುಗನ ಹತ್ತಿರದ ಊರಿನಲ್ಲಿ ಇಟ್ಟು ಕೊಡುತ್ತದೆ. ಉಚಿತ ಯೋಜನೆಗಳಲ್ಲಿ ವಿಡಿಯೊ ಹಂಚಿಕೆಗೆ ನಿರ್ಬಂಧಗಳಿರುವುದುಂಟು, ನಿಯಮಗಳನ್ನು ಓದಿಯೇ ಮುಂದುವರಿಯಿರಿ. ಈಗಿನಿಂದಲೇ ವಿಡಿಯೊಗಳಿಗೆ ಪ್ರತ್ಯೇಕ ಉಪವಿಳಾಸ (ಸಬ್‌ಡೊಮೇನ್) ಕೊಟ್ಟರೆ ಮುಂದೆ ಪುಟಗಳನ್ನು ಮುಟ್ಟದೆಯೇ ಅವನ್ನು ಬೇರೆಡೆಗೆ ಸಾಗಿಸಬಹುದು. ವಿಡಿಯೊ ಕಡತಗಳಿಗೆ ಒಂದು ವರ್ಷದ ಕ್ಯಾಶ್ ಅವಧಿ (ಬ್ರೌಸರ್ ತನ್ನಲ್ಲಿ ಪ್ರತಿ ಉಳಿಸಿಕೊಳ್ಳಬಹುದಾದ ಅವಧಿ) ಕೊಡಿ. ವಿಡಿಯೊ ಬದಲಿಸಿದಾಗ ಹಳೆಯ ಹೆಸರನ್ನೇ ಇಡದೆ ಹೊಸ ಹೆಸರು ಕೊಟ್ಟರೆ ಹಳೆಯ ಪ್ರತಿ ಉಳಿದುಕೊಳ್ಳುವ ತೊಂದರೆ ಬರುವುದಿಲ್ಲ.

ಎಚ್‌ಎಲ್‌ಎಸ್ ಎಂಬ ಪದ್ಧತಿಯ ಹೆಸರನ್ನೂ ನೀವು ಕೇಳಿರಬಹುದು. ಆಪಲ್ 2009ರಲ್ಲಿ ತಂದ ಈ ಪದ್ಧತಿಯಲ್ಲಿ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ, ಮೂರುನಾಲ್ಕು ಗುಣಮಟ್ಟಗಳಲ್ಲಿ ಸಿದ್ಧಪಡಿಸಿಡುತ್ತಾರೆ. ಸಂಪರ್ಕ ಕುಗ್ಗಿದಾಗ ಪ್ಲೇಯರ್ ತಾನಾಗಿ ಕೆಳಗಿನ ಗುಣಮಟ್ಟಕ್ಕೆ ಇಳಿಯುತ್ತದೆ. ಹಗುರ ಮರವನ್ನು ಕಡೆಯುವುದರಿಂದ ಹಿಡಿದು ಕೊನೆಯ ಹೊಳಪಿನವರೆಗೆ ಇಪ್ಪತ್ತು ನಿಮಿಷದ ಚಿತ್ರವೊಂದನ್ನು ನೀವು ಮಾಡುವುದಾದರೆ ಇದನ್ನು ಬಳಸಿ. ಒಂದು ನಿಮಿಷದೊಳಗಿನ ತುಣುಕುಗಳಿಗೆ ಇದರ ಗೋಜು ಬೇಡ, ಏಕೆಂದರೆ ಅನೇಕ ಬ್ರೌಸರುಗಳಲ್ಲಿ ಅದಕ್ಕೆಂದೇ ನೂರಾರು ಕೆಬಿಯ ಜಾವಾಸ್ಕ್ರಿಪ್ಟ್ ಬೇರೆ ಇಳಿಸಬೇಕಾಗುತ್ತದೆ.

ಯೂಟ್ಯೂಬಿಗೆ ಹಾಕಿದರೆ ನಿಮ್ಮ ಸರ್ವರಿನ ಹೊರೆ ಇಳಿಯುತ್ತದೆ, ಹುಡುಕಾಟದಲ್ಲಿ ಹೊಸ ಜನರೂ ಸಿಗುತ್ತಾರೆ. ಅಲ್ಲೊಂದು ಪ್ರತಿ ಇಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅವರ ಪ್ಲೇಯರನ್ನು ನಿಮ್ಮ ಪುಟದಲ್ಲಿ ಎಂಟು ಸಲ ನೇರವಾಗಿ ಕೂರಿಸಿದರೆ ಪ್ರತಿಯೊಂದೂ ತನ್ನ ಸ್ಕ್ರಿಪ್ಟುಗಳನ್ನು ಹೊತ್ತು ತಂದು ಪುಟ ಮತ್ತೆ ಭಾರವಾಗುತ್ತದೆ. ವಿಡಿಯೊ ಮುಗಿದೊಡನೆ ಬೇರೆಯವರ ವಿಡಿಯೊಗಳ ಸೂಚನೆಯೂ ಬರುತ್ತದೆ. ಗೊಂಬೆ ಕೊಳ್ಳುವ ಮನಸ್ಸು ಮಾಡಿದವನನ್ನು ಆ ಹೊತ್ತಿಗೆ ಬೇರೆಡೆ ಕಳಿಸುವುದು ಕುಶಲಕರ್ಮಿಗಳ ಹಿತಕ್ಕೆ ಒಳ್ಳೆಯದಲ್ಲವೆಂದೇ ನಾನು ಸ್ವಂತ ಸರ್ವರಿನ ಪಕ್ಷ ವಹಿಸುತ್ತೇನೆ. ಯೂಟ್ಯೂಬನ್ನೇ ಬಳಸಿದರೂ ಚಿತ್ರ ತೋರಿಸಿ, ಒತ್ತಿದ ಮೇಲೆ ಪ್ಲೇಯರ್ ತರುವ ಮೇಲಿನ ಉಪಾಯವನ್ನು ಬಿಡಬೇಡಿ.

ಬದಲಾವಣೆಗಳನ್ನು ಒಂದೊಂದಾಗಿ ಮಾಡಿ, ಪ್ರತಿಯೊಂದರ ನಂತರ ಅಳೆಯಿರಿ. ಡೆವಲಪರ್ ಟೂಲ್ಸಿನಲ್ಲಿ ಕ್ಯಾಶ್ ನಿಷ್ಕ್ರಿಯಗೊಳಿಸಿ, ಸ್ಲೋ 4ಜಿ ವೇಗವನ್ನು ಆರಿಸಿ ಪುಟ ತೆರೆದು, ಮುಖಪುಟ ಕಾಣಿಸಿಕೊಳ್ಳುವ ಮೊದಲು ಮೀಡಿಯಾ ಸೋಸುಕದಲ್ಲಿ ಒಂದು ಸಾಲೂ ಮೂಡದಿದ್ದರೆ ಮೊದಲ ಹಂತ ಸರಿಯಾಗಿದೆ ಎಂದು ತಿಳಿಯಿರಿ. ಬಳಿಕ ಯಲಬುರ್ಗಾ ಅಥವಾ ಕುಷ್ಟಗಿ ಕಡೆಯ ಹಳ್ಳಿಯಲ್ಲಿರುವ ಪರಿಚಯದವರೊಬ್ಬರ ಸಾಧಾರಣ ಮೊಬೈಲಿನಲ್ಲಿ ಅದೇ ಪುಟ ತೆರೆಸಿ ನೋಡಿ. ನಿಮ್ಮ ಕಚೇರಿಯ ಬ್ರಾಡ್‌ಬ್ಯಾಂಡಿನಲ್ಲಿ ಕಾಣದ ತೊಡಕು ಅಲ್ಲಿ ಕಾಣುತ್ತದೆ. ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ತೋರಿಸುವ ನಿಜ ಬಳಕೆದಾರರ ಅಂಕಿಗಳು ಹಿಂದಿನ 28 ದಿನಗಳ ಭೇಟಿಗಳಿಂದ ಲೆಕ್ಕ ಹಾಕಿದವು, ಸಣ್ಣ ತಾಣಗಳಿಗೆ ಅವು ಸಿಗದೆಯೂ ಇರಬಹುದು. ಸಿಕ್ಕರೂ, ಈ ವಾರ ಮಾಡಿದ ತಿದ್ದುಪಡಿಯ ಪೂರ್ಣ ಫಲ ಅಲ್ಲಿ ಕಾಣಲು ನಾಲ್ಕು ವಾರ ಬೇಕಾಗುತ್ತದೆ. ಅಂಕಿ ಅಲುಗಾಡಲಿಲ್ಲವೆಂದು ಆ ಅವಧಿಯಲ್ಲಿ ಎಲ್ಲವನ್ನೂ ಮತ್ತೆ ಕಿತ್ತು ಹಾಕಬೇಡಿ.